ಹೆಬ್ಬೆರಳಿನ ಗುಳಿ

ಮಧುಗಿರಿ
9 ಸೆಪ್ಟೆಂಬರ್ 2024

ಇಂದ್ರಮ್ಮ,

ಡಬ್ಬ ಕೈಗೆ ಬಂದ ಕೂಡಲೇ ಹುರಿಹಿಟ್ಟನ್ನು ಬೇರೆ ಪಾತ್ರೆಗೆ ಸುರಿದುಕೋ. ತಳದಲ್ಲಿ ಮೂರು ತಿಂಗಳ ಮಾತ್ರೆ ಇದೆ. ಬಸ್ಸಿನಲ್ಲಿ ಗಲಗಲ ಸದ್ದು ಮಾಡಬಾರದೆಂದು ಹತ್ತಿ ತುರುಕಿದ್ದೇನೆ. ಕಂಡಕ್ಟರ್ ಪ್ರಸನ್ನ ಕುಮಾರ್ ಈ ಸಲವೂ ಸುಮ್ಮನಿರಲಿಲ್ಲ. "ಯಾವಾಗ್ ನೋಡುದ್ರೂ ಹುರಿಹಿಟ್ಟೇ ಕಳುಸ್ತೀಯಲ್ಲ ಈಶ್ವರಮ್ಮ, ಆ ರಾಯಚರ್ಲಲ್ಲಿ ರಾಗಿ ಸಿಗಕಿಲ್ವಾ?" ಅಂದ. "ಸಿಗ್ತದೆ ಕಣಪ್ಪ, ಹುರಿಯಕ್ ಬರಕಿಲ್ಲ ಅವುರ್ಗೆ" ಅಂದೆ.

ಫೋನಿನಲ್ಲಿ ಮಾತಾಡೋಣವೆಂದರೆ ನಿನ್ನ ಮನೆಗಿರುವುದು ಒಂದೇ ಫೋನು, ಅದೂ ಬಸುರಿ ಮಗಳ ಕೈಯಲ್ಲಿ. ಕೊರಟಗೆರೆಯಿಂದ ಅವಳ ಅತ್ತೆ ಹೊತ್ತಿಲ್ಲ ಗೊತ್ತಿಲ್ಲ ವಿಡಿಯೋ ಕಾಲ್ ಮಾಡುತ್ತಾಳೆ ಅಂದಿದ್ದೆ. ಅದಕ್ಕೇ ಈ ಕಾಗದ. ಓದಿ ಒಲೆಗೆ ಹಾಕು. ಹೆಚ್.ಐ.ವಿ ಎಂದು ಎಲ್ಲೂ ಬರೆಯಬೇಡಿ ಅಂತ ಹೋದ ಸಲ ಗೋಗರೆದಿದ್ದೆಯಲ್ಲ, ಈಗ ಬರೆದೇಬಿಟ್ಟೆ. ನೋಡು, ಕಾಗದವೇನೂ ಹೊತ್ತಿ ಉರಿಯಲಿಲ್ಲ.

ಮಾತ್ರೆ ಕೊಡುವ ನರ್ಸ್ ಶ್ರೀಲತಾ ಮೇಡಂ ನಿನ್ನನ್ನು ಕೇಳಿದರು. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿದ್ದಾಳೆ, ರಜೆ ಕೊಡುವುದಿಲ್ಲ ಎಂದು ಹಳೇ ಸುಳ್ಳನ್ನೇ ಹೇಳಿದೆ. "ರಕ್ತ, ಮೂತ್ರ ನೋಡಿ ವರ್ಷದ ಮೇಲಾಯ್ತು, ಮುಂದಿನ ಸಲ ಅವರೇ ಬರಲಿ" ಅಂದರು. ಆಗಲಿ ಅಂದೆ. ಪಾವಗಡದಲ್ಲಿ ತೆಗೆದುಕೊಂಡರೆ ಯಾರಾದರೂ ನೋಡಿಯಾರೆಂದು ಇಲ್ಲಿಗೆ ಬರುತ್ತಿದ್ದವಳು ನೀನು. ಮಗಳನ್ನು ಕೊರಟಗೆರೆಗೆ ಕೊಟ್ಟ ಮೇಲೆ, ಬೀಗರ ಕಡೆಯವರು ಕಂಡಾರೆಂದು ಈ ಆಸ್ಪತ್ರೆಗೂ ಬರಲಾರೆ. ಇರಲಿ, ಬಾಣಂತನ ಮುಗಿಯುವವರೆಗೆ ನಾನಿದ್ದೇನೆ.

ಒಂದು ಮಾತು ಹೇಳಲೇಬೇಕು. ಸೀಮಂತದ ಸೀರೆ ತರಲು ಹೋದ ತಿಂಗಳು ನೀನು ಇಲ್ಲಿ ಬಸ್ಸಿಳಿದಾಗ ನನಗೆ ಗುರುತೇ ಹತ್ತಲಿಲ್ಲ ಕಣೆ. ಎಷ್ಟು ಚೆನ್ನಾಗಿ ಮೈ ತುಂಬಿಕೊಂಡಿದ್ದೀಯ! ಮೊದಲ ಸಲ ಆಸ್ಪತ್ರೆ ಬೆಂಚಿನ ಮೇಲೆ ನೋಡಿದಾಗ ಗಾಳಿ ಬಂದರೆ ಹಾರಿಹೋಗುವ ಹಾಗಿದ್ದೆ. ನಮ್ಮಂಥವರು ಒಂದು ಸುತ್ತು ಸಣ್ಣಗಾದರೆ ಎದೆ ಧಸಕ್ಕನ್ನುತ್ತದೆ. ನಿನ್ನ ಕೆನ್ನೆ ನೋಡಿ ನನ್ನ ಹೊಟ್ಟೆ ತಣ್ಣಗಾಯಿತು.

ಈಶ್ವರಮ್ಮ


ರಾಯಚರ್ಲು
17 ಸೆಪ್ಟೆಂಬರ್ 2024

ಈಶ್ವರಕ್ಕನಿಗೆ ಇಂದ್ರಮ್ಮನ ನಮಸ್ಕಾರ.

ಡಬ್ಬ ಬಂತು. ಯಶಸ್ವಿನಿ ಹುರಿಹಿಟ್ಟಿಗೆ ಬೆಲ್ಲ ಕಲಸಿಕೊಂಡು ಎರಡು ಬಟ್ಟಲು ತಿಂದಳು. ಯಾರಮ್ಮಾ ಈ ಈಶ್ವರಮ್ಮ ಅಂದಳು. ನಿಮ್ಮಪ್ಪ ಲಾರಿ ಓಡಿಸುವ ಕಾಲದ ಪರಿಚಯ ಅಂದೆ. ಅವರು ಹೋಗಿದ್ದು ಜಾಂಡೀಸಿನಿಂದ ಅಂತಲೇ ಅವಳು ಇವತ್ತಿಗೂ ನಂಬಿದ್ದಾಳೆ. ಬಸುರಿಯರಿಗೆ ಮಾಡುವ ರಕ್ತಪರೀಕ್ಷೆಯಲ್ಲಿ ಅವಳಿಗೆ ಏನೂ ಇಲ್ಲವೆಂದು ಬಂದಿದೆ. ಆ ಕಾರ್ಡನ್ನು ನಾನು ಎಷ್ಟು ಸಲ ತೆಗೆದು ನೋಡಿದ್ದೇನೋ ದೇವರಿಗೇ ಗೊತ್ತು.

ನೀವು ಹೇಳಿದ ಹಾಗೇ ಇಲ್ಲೂ ಎಲ್ಲರೂ ಅನ್ನುತ್ತಾರೆ. ಸೋಲಾರ್ ಪ್ಲೇಟು ತೊಳೆಯಲು ನನ್ನ ಜೊತೆ ಬರುವ ಹೆಂಗಸೊಬ್ಬಳು "ಕೂತುರು ಒಚ್ಚಿನಾಕ ಬಾಗಾ ಲಾವಯ್ಯಿನಾವೇ" ಎಂದು ನಕ್ಕಳು. ಮಗಳು ಬಂದಳೆಂದು ಅಮ್ಮ ದಪ್ಪಗಾದಳಂತೆ. ಬಳೆ ತೆಗೆಯಲು ಹೋದರೆ ಸೋಪು ಹಚ್ಚಿದರೂ ಬರಲಿಲ್ಲ. ಬೆಳಿಗ್ಗೆ ಎದ್ದಾಗ ಮುಖ ಇನ್ನೂ ತುಂಬಿರುತ್ತದೆ, ಕಣ್ಣು ಬಿಡಲು ಸ್ವಲ್ಪ ಹೊತ್ತು ಬೇಕು. ನಿದ್ದೆ ಚೆನ್ನಾಗಿ ಆಗುತ್ತಿರಬೇಕು.

ಮಂಡಿ ನೋವು ಮಾತ್ರ ಬಿಟ್ಟಿಲ್ಲ. ನಮ್ಮ ಕಡೆಯ ಫ್ಲೋರೈಡ್ ನೀರೇ ಹಾಗಲ್ಲವೇ ಅಕ್ಕ. ಊರಿಗೆ ಬರುವ ಡಾಕ್ಟರು ಸೂಜಿ ಹಾಕಿ ಬಿಳಿ ಮಾತ್ರೆ ಕೊಡುತ್ತಾರೆ. ಎರಡು ಹೊತ್ತೂ ನುಂಗುತ್ತೇನೆ. ಬೇರೆ ಯಾವುದಾದರೂ ಮಾತ್ರೆ ತಗೋತೀಯೇನಮ್ಮ ಅಂತ ಕೇಳಿದರು. ಇಲ್ಲ ಸಾರ್ ಅಂದೆ. ಇನ್ನೇನು ಹೇಳಲಿ?

ಸಂಜೆ ಬಿಸಿನೀರಿಗೆ ಉಪ್ಪು ಹಾಕಿ ನಾನೂ ಮಗಳೂ ಒಂದೇ ಟಬ್ಬಿನಲ್ಲಿ ಕಾಲಿಟ್ಟು ಕೂರುತ್ತೇವೆ. ಅವಳ ಪಾದವೂ ಊದಿದೆ, ನನ್ನದೂ. ನೋಡಿದವರು ಯಾರು ಬಸುರಿ ಅಂತ ಕೇಳಬೇಕು. ಆಮೇಲೆ ಅವಳ ಕಾಲು ಒತ್ತುತ್ತೇನೆ.

ಅಕ್ಕ, ನನಗಿರುವುದು ಒಂದೇ ಆಸೆ. ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ ಬಿಸಿನೀರು ಎರೆಯಬೇಕು. ನನ್ನ ವಿಷಯ ಗೊತ್ತಾದರೆ ಬೀಗಿತ್ತಿ ವನಜಾಕ್ಷಮ್ಮ ಆ ಮಗುವಿನ ಉಗುರು ಕೂಡ ಮುಟ್ಟಿಸುವುದಿಲ್ಲ. ಕಡಲೆಕಾಯಿ ಕಳಿಸಿದ್ದೇನೆ, ಹಸಿಯದು.

ಇಂದ್ರಮ್ಮ


ಮಧುಗಿರಿ
1 ಅಕ್ಟೋಬರ್ 2024

ಇಂದ್ರಿ,

ಕಡಲೆಕಾಯಿ ಬೇಯಿಸಿ ಹಾಸ್ಟೆಲ್ ಹುಡುಗಿಯರಿಗೂ ಕೊಟ್ಟೆ. ಒಂದು ಕ್ಷಣದಲ್ಲಿ ಖಾಲಿ. ಇವರಿಗೆ ಅಡುಗೆ ಮಾಡಿ ಮಾಡಿ ನನ್ನ ಕಾಲೂ ನಿನ್ನ ಕಾಲಿನ ಜೊತೆ ಪಂದ್ಯ ಕಟ್ಟಿದೆ. ಹಳೇ ಚಪ್ಪಲಿ ಹಿಡಿಯಲಿಲ್ಲ, ಒಂದು ಸೈಜು ದೊಡ್ಡದು ತಂದೆ. ಒಲೆ ಮುಂದೆ ದಿನವಿಡೀ ನಿಂತರೆ ಇನ್ನೇನಾಗುತ್ತದೆ. ನಿನ್ನ ಬಿಳಿ ಮಾತ್ರೆ ಒಳ್ಳೆಯದಿದ್ದರೆ ಒಂದು ಶೀಟು ನನಗೂ ಕಳಿಸು.

ಬಾಣಂತನ ನೀನೇ ಮಾಡುತ್ತೀಯ, ಹೆದರಬೇಡ. ಅವತ್ತು ಬೆಂಚಿನ ಮೇಲೆ ನನಗೂ ನಿನಗೂ ನಡುವೆ ಒಂದು ಗೇಣು ಜಾಗ ಬಿಟ್ಟು ಕೂತಿದ್ದವಳು ನೀನು. ನನ್ನ ಊರು ಕೇಳಿದೆ, ಬೀದಿ ಕೇಳಿದೆ, ಆಮೇಲೆ ಇನ್ನೂ ಸ್ವಲ್ಪ ಜರುಗಿದೆ. ಈಗ ನನ್ನ ಕೈಯ ಹಿಟ್ಟು ತಿನ್ನುತ್ತೀಯ. ಅಂಥ ನೀನೇ ಬದಲಾದ ಮೇಲೆ ನಿನ್ನ ಬೀಗಿತ್ತಿ ಯಾವ ಮಹಾ!

ಈಶ್ವರಮ್ಮ


ಮಧುಗಿರಿ
22 ಅಕ್ಟೋಬರ್ 2024

ಇಂದ್ರಮ್ಮ,

ಈ ಕಾಗದವನ್ನು ಮಗಳು ಮಲಗಿದ ಮೇಲೆ ಓದು. ಪೂರ್ತಿ ಓದು.

ಇವತ್ತು ನನ್ನ ಮಾತ್ರೆಗೆಂದು ಆಸ್ಪತ್ರೆಯ ಸೆಂಟರಿಗೆ ಹೋಗಿದ್ದೆ. ಶ್ರೀಲತಾ ಮೇಡಂ ಮತ್ತೆ ನಿನ್ನನ್ನೇ ಕೇಳಿದರು. ಈ ಸಲ ನಾನು ಜಂಬ ಕೊಚ್ಚಿದೆ. "ಚೆನ್ನಾಗವ್ಳೆ ಮೇಡಂ, ನೀವ್ ನೋಡುದ್ರೆ ಗುರ್ತು ಸಿಗಕಿಲ್ಲ. ಕೆನ್ನೆ ತುಂಬ್ಕೊಂಡು, ಕೈ ಬಳೆ ಬರಕಿಲ್ಲ, ಪಾದ ಎಲ್ಲ ಬನ್ ಆದಂಗಾಗವೆ" ಅಂದೆ. ಬರೆಯುತ್ತಿದ್ದವರು ಪೆನ್ನು ಕೆಳಗಿಟ್ಟರು. ಬೆಳಿಗ್ಗೆ ಮುಖ ಊದಿರುತ್ತಾ ಎಂದು ಕೇಳಿದರು. ನಿನ್ನ ಕಾಗದದ ಮಾತು ನೆನಪಾಗಿ ಹೌದು ಅಂದೆ. ನೋವಿನ ಮಾತ್ರೆ ತಗೋತಾರಾ? ಅದಕ್ಕೂ ಹೌದು ಅಂದೆ. ಆಮೇಲೆ ಅವರು ಎದ್ದು ಬಂದು ಬಾಗಿಲು ಹಾಕಿದರು.

ಅದು ಮೈ ತುಂಬಿಕೊಂಡಿದ್ದಲ್ಲವಂತೆ ಇಂದ್ರಿ. ನೀರಂತೆ. ಕಿಡ್ನಿ ಸೋತರೆ ನೀರು ಮೈಯಲ್ಲೇ ಉಳಿದು ಮುಖ, ಕಾಲು ಊದುತ್ತದಂತೆ. ನಮ್ಮ ಕಾಯಿಲೆಯೇ ಕಿಡ್ನಿಗೆ ಏಟು ಹಾಕಬಹುದು, ನಾವು ನುಂಗುವ ಮಾತ್ರೆಗಳಲ್ಲಿ ಕೆಲವು ಹಾಕಬಹುದು, ಅದರ ಮೇಲೆ ಈ ನೋವಿನ ಮಾತ್ರೆ, ಸೂಜಿ ಬಿದ್ದರೆ ಕೇಳುವುದೇ ಬೇಡವಂತೆ. ಮೂತ್ರದಲ್ಲಿ ನೊರೆ ಬಂದು ಬೇಗ ಇಳಿಯದಿದ್ದರೆ, ರಾತ್ರಿ ಪದೇಪದೇ ಏಳುವಂತಾದರೆ, ಇಲ್ಲವೇ ಮೂತ್ರವೇ ಕಮ್ಮಿಯಾದರೆ, ಊಟ ಸೇರದೆ ವಾಕರಿಕೆ ಬಂದರೆ, ಮೈ ಕಡಿತವಿದ್ದರೆ, ಸುಮ್ಮನೆ ಕೂತರೂ ಸುಸ್ತಾದರೆ ಓಡಿ ಬರಬೇಕಂತೆ. ಎಷ್ಟೋ ಜನಕ್ಕೆ ಇದ್ಯಾವುದೂ ಕಾಣದೆಯೇ ಒಳಗೊಳಗೇ ಕೆಡುತ್ತದಂತೆ. ಆರು ತಿಂಗಳಿಗೊಮ್ಮೆ ರಕ್ತ, ಮೂತ್ರ ಕೊಡಿ ಅಂತ ಬಡಕೊಳ್ಳುವುದು ಅದಕ್ಕೇ ಅಂದರು.

ಮಾತ್ರೆಯಿಂದಲೇ ಇರಬಹುದು ಎಂದಾಗ, ಹಾಗಾದರೆ ನಿಲ್ಲಿಸಲು ಹೇಳಲೇ ಅಂದೆ. ಕೂಗಿದರು. ನೀವಾಗೇ ನಿಲ್ಲಿಸಬಾರದು, ಡಾಕ್ಟರು ನೋಡಿ ಬದಲಿಸುತ್ತಾರೆ, ನೋವಿನ ಮಾತ್ರೆ ಮಾತ್ರ ಈಗಲೇ ನಿಲ್ಲಿಸಿ ಅಂದರು.

ಒಂದು ಕೆಲಸ ಮಾಡು. ಮಂಡಿಯ ಕೆಳಗೆ, ಕಣಕಾಲಿನ ಮುಂದುಗಡೆ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ಸ್ವಲ್ಪ ಹೊತ್ತು ಹಿಡಿದು ಬಿಡು. ಗುಳಿ ಬಿದ್ದು ಹಾಗೇ ನಿಂತರೆ ಮರುದಿನವೇ ಬಸ್ಸು ಹತ್ತು. ಮೇಡಂ ಒತ್ತಿ ತೋರಿಸಿಕೊಟ್ಟರು. ನನ್ನ ರಕ್ತಕ್ಕೂ ಚೀಟಿ ಬರೆದರು, ಆದರೆ ಲ್ಯಾಬಿನ ಮುಂದೆ ಸಾಲು ಉದ್ದ ಇತ್ತು, ಮಕ್ಕಳ ಊಟದ ಹೊತ್ತು, ಬಂದುಬಿಟ್ಟೆ.

ನಿನ್ನ ಕೆನ್ನೆ ಹೊಗಳಿದ ಈ ಬಾಯಿಗೆ ಮಣ್ಣು ಹಾಕ.

ಈಶ್ವರಮ್ಮ


ರಾಯಚರ್ಲು
30 ಅಕ್ಟೋಬರ್ 2024

ಈಶ್ವರಕ್ಕನಿಗೆ ನಮಸ್ಕಾರ.

ನಾವೆಲ್ಲ ಚೆನ್ನಾಗಿದ್ದೇವೆ. ನಾಳೆ ನಾಡಿದ್ದು ಹಬ್ಬ. ಅಳಿಯ ಮಲ್ಲೇಶ ಬರುತ್ತಾನೆ. ಯಶುಗೆ ಹಸಿರು ಗಾಜಿನ ಬಳೆ ತೊಡಿಸಿದೆ. ಅವಳಿಗೆ ಹುಳಿ ಆಸೆ, ಹುಣಸೆಹಣ್ಣಿನ ಗೊಜ್ಜು ಮಾಡಿದೆ. ಸೋಲಾರ್ ಪಾರ್ಕಿನಲ್ಲಿ ಪ್ಲೇಟುಗಳ ಸಾಲಿನ ಮಧ್ಯೆ ಹುಲ್ಲು ಎದೆಮಟ್ಟ ಬೆಳೆದಿದೆ, ಕುಯ್ಯಲು ಕರೆದಿದ್ದಾರೆ. ನಾನು ಒಂದು ವಾರದಿಂದ ಹೋಗಿಲ್ಲ, ಮನೆಯಲ್ಲೇ ಕೆಲಸ ಬಹಳ. ಮಗುವಿಗೆಂದು ಹಳೇ ಸೀರೆಗಳನ್ನು ಕುದಿಸಿ ಒಣಗಿಸಿ ಮಡಿಸಿಟ್ಟಿದ್ದೇನೆ. ತೊಟ್ಟಿಲನ್ನು ವನಜಾಕ್ಷಮ್ಮನವರೇ ತರುತ್ತಾರಂತೆ. ನೀವು ಎಳ್ಳು ಕಳಿಸಿದರೆ ಬಾಣಂತಿ ಉಂಡೆಗೆ ಆಗುತ್ತದೆ.

ಮಾತ್ರೆ ತಪ್ಪಿಸಿಲ್ಲ. ಬಿಳಿಯದು ನಿಲ್ಲಿಸಿದ್ದೇನೆ.

ಇಂದ್ರಮ್ಮ


ಮಧುಗಿರಿ
4 ನವೆಂಬರ್ 2024

ಇಂದ್ರಮ್ಮ,

ಗೊಜ್ಜು ಬರೆದಿದ್ದೀಯ, ಬಳೆ ಬರೆದಿದ್ದೀಯ, ತೊಟ್ಟಿಲು ಬರೆದಿದ್ದೀಯ. ನಿನ್ನ ಕಾಲು ಎಲ್ಲಿ? ಒತ್ತಿದೆಯಾ ಇಲ್ಲವಾ? ಒಂದು ವಾರದಿಂದ ಕೆಲಸಕ್ಕೆ ಹೋಗಿಲ್ಲ ಅಂದರೆ ಏನರ್ಥ? ಜ್ವರ ಬಂದರೂ ಹೋಗುತ್ತಿದ್ದವಳು ನೀನು.

ಎಳ್ಳು ಕಳಿಸಿದ್ದೇನೆ. ಉತ್ತರ ಬರೆಯದೆ ಡಬ್ಬ ವಾಪಸ್ ಕಳಿಸಬೇಡ. ಹಬ್ಬದ ದಿನ ಹಾಸ್ಟೆಲಿನ ಮಹಡಿ ಮೆಟ್ಟಿಲು ಹತ್ತಿ ದೀಪ ಇಡುವಷ್ಟರಲ್ಲಿ ನನಗೆ ಉಸಿರು ಹತ್ತಿ ನಡುವೆಯೇ ಕೂತುಬಿಟ್ಟೆ. ನಿನ್ನ ಚಿಂತೆಯಲ್ಲೇ ನನಗೆ ವಯಸ್ಸಾಗುತ್ತಿದೆ.

ಈಶ್ವರಮ್ಮ


ರಾಯಚರ್ಲು
11 ನವೆಂಬರ್ 2024

ಅಕ್ಕ,

ಒತ್ತಿದೆ. ನಿಮ್ಮ ಕಾಗದ ಬಂದ ದಿನವೇ ಒತ್ತಿದೆ. ಬರೆಯಲು ಕೈ ಬರಲಿಲ್ಲ.

ಬೆರಳು ತೆಗೆದ ಮೇಲೆ ಗುಳಿ ಹಾಗೇ ನಿಂತಿತು. ಮಗಳು ಒಳಗಿಂದ ಕರೆದಳು, ಹೋಗಿ ನೀರು ಕೊಟ್ಟು ಬಂದೆ, ಆಗಲೂ ಪೂರ್ತಿ ತುಂಬಿರಲಿಲ್ಲ. ಇನ್ನೊಂದು ಕಾಲು ಒತ್ತಿದೆ. ಅಲ್ಲೂ ಹಾಗೇ. ಅವತ್ತಿಂದ ದಿನಾ ಒತ್ತುತ್ತೇನೆ. ಒತ್ತದೆ ಇರಲಾಗುವುದಿಲ್ಲ, ಒತ್ತಿದರೆ ನೋಡಲಾಗುವುದಿಲ್ಲ.

ನೊರೆಯೂ ಇದೆ ಅಕ್ಕ. ಬಹಳ ದಿನದಿಂದ ಇದೆ. ಕಕ್ಕಸ್ಸಿಗೆ ಹಾಕುವ ಪೌಡರಿನದು ಅಂದುಕೊಂಡು ಪೌಡರ್ ಹಾಕುವುದನ್ನೇ ಬಿಟ್ಟಿದ್ದೆ. ಆದರೂ ಬರುತ್ತಿತ್ತು. ಅನ್ನದ ವಾಸನೆಗೇ ವಾಕರಿಕೆ ಬರುತ್ತದೆ. ಯಶು ನಗುತ್ತಾಳೆ. "ಅಮ್ಮಾ, ಬಸ್ರಿ ನಾನು, ವಾಂತಿ ನಿಂದಾ?" ಅನ್ನುತ್ತಾಳೆ. ನಾನೂ ನಗುತ್ತೇನೆ. ನಕ್ಕು ಹಿತ್ತಿಲಿಗೆ ಹೋಗಿ ಗೋಡೆ ಹಿಡಿದು ನಿಲ್ಲುತ್ತೇನೆ.

ನನಗೆ ಬಹಳ ಭಯವಾಗುತ್ತಿದೆ. ಆದರೆ ಈಗ ಬರಲಾರೆ. ಮಗಳಿಗೆ ಎಂಟು ತುಂಬುತ್ತಿದೆ, ಅವಳನ್ನು ಬಿಟ್ಟು ಎಲ್ಲಿಗೆ ಹೋಗುತ್ತೀ ಅಂದರೆ ಏನು ಹೇಳಲಿ? ಅಡ್ಮಿಟ್ ಆಗು ಅಂದರೆ? ಯಾವ ಕಾಯಿಲೆ ಅಂತ ಅಳಿಯ ಚೀಟಿ ಓದಿದರೆ? ಹೆರಿಗೆ ಆಗಲಿ. ಮಗುವಿಗೆ ಒಂದು ಸಲ ನೀರು ಹಾಕಿ ಬರುತ್ತೇನೆ. ಆಮೇಲೆ ಏನಾದರೂ ಆಗಲಿ.

ಅಷ್ಟರಲ್ಲಿ ನಿಜವಾಗಿ ಕಿಡ್ನಿಯದೇ ಹೌದಾ ಅಂತ ತಿಳಿಯಲು ಒಂದು ದಾರಿ ಹೊಳೆದಿದೆ. ಯಾರಿಗೂ ಗೊತ್ತಾಗುವುದಿಲ್ಲ. ನೀವು ಬೈಯಬೇಡಿ.

ಇಂದ್ರಮ್ಮ


ಮಧುಗಿರಿ
14 ನವೆಂಬರ್ 2024

ಇಂದ್ರಿ,

ಯಾವ ದಾರಿ? ನಿನ್ನ ಕಾಗದವನ್ನು ಒಲೆ ಮುಂದೆಯೇ ನಿಂತು ಓದಿದೆ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ನೀರು ಹಾಕಲು ನೀನು ಇರಬೇಕಲ್ಲ ಕಣೆ. ಶ್ರೀಲತಾ ಮೇಡಂಗೆ ಹೇಳಿದ್ದೇನೆ, ಅವರು ತುಮಕೂರಿನ ಡಾಕ್ಟರಿಗೆ ಬರೆದುಕೊಡುತ್ತಾರೆ. ಮಗಳಿಗೆ ಏನೋ ಒಂದು ಸುಳ್ಳು ಹೇಳಿ ಬಾ. ಇಷ್ಟು ವರ್ಷ ಹೇಳಿದ್ದೀಯ, ಇನ್ನೊಂದು ಹೇಳಲು ಏನು ಕಷ್ಟ? ನಾಳೆಯ ಬಸ್ಸಿಗೆ ಬಾ. ನಾನು ನಿಲ್ದಾಣದಲ್ಲಿ ಕಾಯುತ್ತೇನೆ.

ಈಶ್ವರಮ್ಮ


ಮಧುಗಿರಿ
23 ನವೆಂಬರ್ 2024

ಇಂದ್ರಮ್ಮ,

ನೀನು ಬರಲಿಲ್ಲ. ನಿನ್ನೆ ಕಳಿಸಿದ್ದ ಇನ್ನೊಂದು ಡಬ್ಬವನ್ನು ಇವತ್ತು ಪ್ರಸನ್ನ ಕುಮಾರ್ ಹಾಗೇ ತಂದು ಕೊಟ್ಟ. ನಾನು ಮುಚ್ಚಿದ್ದ ಹಾಗೇ ಇದೆ. "ಕ್ರಾಸಲ್ಲಿ ಯಾರೂ ಇಸ್ಕಳಕ್ ಬರ್ಲಿಲ್ಲ ಈಶ್ವರಮ್ಮ. ಗುರುವಾರ ಅವುರ್ ಮಗ್ಳುನ್ನ ಆಸ್ಪತ್ರೆಲಿ ನೋಡುದ್ರಂತೆ, ನೂರಾ ಎಂಟು ಬಂದಿತ್ತಂತೆ, ಏನೋ ಗಲಾಟೆ ಆಯ್ತಂತೆ" ಅಂದ. ಏನು ಗಲಾಟೆ ಅಂದರೆ ಅವನಿಗೆ ಗೊತ್ತಿಲ್ಲ.

ಮಗಳಿಗೇನಾಯಿತು? ನಿನಗೇನಾಯಿತು? ಫೋನ್ ಮಾಡಿದೆ, ನೀನು ಬೇಡವೆಂದಿದ್ದರೂ ಮಾಡಿದೆ. ಸ್ವಿಚ್ ಆಫ್. ಈ ಕಾಗದವನ್ನು ಅಂಚೆಗೆ ಹಾಕುತ್ತಿದ್ದೇನೆ. ಯಾರಾದರೂ ಓದಲಿ, ನನಗೆ ಒಂದು ಸಾಲು ಬರೆಯಲಿ.

ಈಶ್ವರಮ್ಮ


ತುಮಕೂರು
1 ಡಿಸೆಂಬರ್ 2024

ಈಶ್ವರಕ್ಕ,

ಬದುಕಿದ್ದೇನೆ. ಮಗಳೂ ಚೆನ್ನಾಗಿದ್ದಾಳೆ. ಮೊದಲು ಅಷ್ಟನ್ನು ಬರೆಯುತ್ತೇನೆ.

ನನ್ನ ದಾರಿ ಯಾವುದೆಂದು ಕೇಳಿದ್ದಿರಿ. ಬಸುರಿಯರ ಮೂತ್ರವನ್ನು ನಮ್ಮ ಪಿ.ಎಚ್.ಸಿ.ಯಲ್ಲಿ ತಿಂಗಳಿಗೊಮ್ಮೆ ನೋಡುತ್ತಾರಲ್ಲ, ಪಟ್ಟಿ ಅದ್ದಿ ಅಲ್ಲೇ ಹೇಳುತ್ತಾರೆ. ಯಶುಗೆ ಅಲ್ಲಿನ ಕಕ್ಕಸ್ಸಿನಲ್ಲಿ ಕೂರಲು ಕಷ್ಟವೆಂದು ಮನೆಯಿಂದಲೇ ಬಾಟಲಿಯಲ್ಲಿ ಒಯ್ಯುತ್ತಿದ್ದೆವು. ಆ ಗುರುವಾರ ಅವಳದನ್ನು ಚೆಲ್ಲಿ ನನ್ನದನ್ನು ತುಂಬಿದೆ. ಅವಳ ಹೆಸರಿನ ಚೀಟಿ ಅಂಟಿಸಿದ್ದ ಬಾಟಲಿಗೆ. ಏನೂ ಇಲ್ಲವೆಂದರೆ ನನಗೆ ಏನೂ ಇಲ್ಲ. ಇದೆ ಅಂದರೆ ಏನೋ ಒಂದು ಮಾತ್ರೆ ಬರೆಯುತ್ತಾರೆ, ಇನ್ನೊಂದು ಸಲ ತನ್ನಿ ಅನ್ನುತ್ತಾರೆ, ಆಗ ಅವಳದನ್ನೇ ಕೊಟ್ಟರಾಯಿತು. ಇಷ್ಟೇ ನಾನು ಯೋಚಿಸಿದ್ದು.

ಅವತ್ತು ವನಜಾಕ್ಷಮ್ಮನವರೂ ಕೊರಟಗೆರೆಯಿಂದ ಬಂದಿದ್ದರು. ಬಿಸಿಲಲ್ಲಿ ನಡೆದು ಯಶುಗೆ ಬಿಪಿ ಏರಿತ್ತು. ಪಾದ ಊದಿತ್ತು. ಅದರ ಮೇಲೆ ನರ್ಸಮ್ಮ ಪಟ್ಟಿ ನೋಡಿ "ಡಾಕ್ಟ್ರೇ, ತ್ರೀ ಪ್ಲಸ್" ಎಂದು ಕೂಗಿದಳು. ಡಾಕ್ಟರು ಓಡಿ ಬಂದರು. ಬಸುರಿಯ ಮೂತ್ರದಲ್ಲಿ ಇಷ್ಟು ಪ್ರೋಟೀನ್ ಹೋಗುತ್ತಿದ್ದರೆ ಯಾವಾಗ ಬೇಕಾದರೂ ಫಿಟ್ಸ್ ಬರಬಹುದು, ತಾಯಿ ಮಗು ಇಬ್ಬರಿಗೂ ಅಪಾಯ, ತುಮಕೂರಿಗೆ ಕಳಿಸಬೇಕು, ಇವತ್ತೇ ಆಪರೇಷನ್ ಮಾಡಿ ಮಗು ತೆಗೆಯಬೇಕಾಗಬಹುದು ಅಂದರು. ನೂರಾ ಎಂಟಕ್ಕೆ ಫೋನ್ ಮಾಡಿದರು. ಯಶು ನನ್ನ ಕೈ ಹಿಡಿದುಕೊಂಡು "ಅಮ್ಮಾ, ನಾನ್ ಸತ್ತೋಯ್ತೀನಾ?" ಅಂದಳು.

ನಾನು ಬಾಯಿ ಬಿಡಲಿಲ್ಲ ಅಕ್ಕ. ಆಗಲೂ ಬಿಡಲಿಲ್ಲ. ತುಮಕೂರಿನಲ್ಲಿ ಇನ್ನೊಂದು ಸಲ ನೋಡುತ್ತಾರೆ, ಅಲ್ಲಿ ಸರಿಹೋಗುತ್ತದೆ ಅಂದುಕೊಂಡೆ. ಅಷ್ಟರಲ್ಲಿ ನರ್ಸಮ್ಮ ಎರಡು ದೊಡ್ಡ ಸೂಜಿಗೆ ಔಷಧಿ ಎಳೆದುಕೊಂಡು ಬಂದಳು. ಫಿಟ್ಸ್ ಬಾರದ ಹಾಗೆ ಈಗಲೇ ಕೊಡಬೇಕಂತೆ. ಮಗಳನ್ನು ಒಂದು ಮಗ್ಗುಲಿಗೆ ಮಲಗಿಸಿದರು. ಆ ಸೂಜಿ ಅವಳ ಮೈ ಹತ್ತಿರ ಬಂದಾಗ ನಾನು ಕಿರುಚಿಕೊಂಡೆ. "ಚುಚ್ಚುಬ್ಯಾಡ್ರಿ ತಾಯಿ, ಅದು ಅವಳ್ದಲ್ಲ, ನಂದು! ನಂದ್ ತುಂಬ್ಕೊಂಡ್ ಬಂದಿವ್ನಿ!"

ಎಲ್ಲರೂ ನಿಂತರು. ಡಾಕ್ಟರು ನನ್ನ ಮುಖ ನೋಡಿದರು, ಕಾಲು ನೋಡಿದರು, ಬಗ್ಗಿ ಒತ್ತಿದರು. "ನಿಮಗೆ ಶುಗರ್ ಇದೆಯಾ? ಬಿಪಿ ಇದೆಯಾ? ಯಾವ ಮಾತ್ರೆ ತಗೋತೀರಿ?" ಅಂದರು. ಬಾಟಲಿ ಅದಲುಬದಲಾಯಿತು ಎಂದು ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಯಶು ಮಲಗಿದ್ದಲ್ಲಿಂದಲೇ ನನ್ನನ್ನು ನೋಡುತ್ತಿದ್ದಳು. ನನ್ನ ಶಕ್ತಿ ಮುಗಿದುಹೋಗಿತ್ತು. ಹೇಳಿಬಿಟ್ಟೆ. ಹೆಚ್.ಐ.ವಿ.ಯದು ತಗೋತೀನಿ, ಒಂಬತ್ತು ವರ್ಷದಿಂದ ಅಂದೆ. ವನಜಾಕ್ಷಮ್ಮನವರ ಎದುರಿಗೇ.

ಮಗಳ ಮೂತ್ರ ಮತ್ತೆ ತೆಗೆದು ನೋಡಿದರು. ಏನೂ ಇರಲಿಲ್ಲ. ಮಲಗಿ ಸುಧಾರಿಸಿಕೊಂಡ ಮೇಲೆ ಬಿಪಿಯೂ ಇಳಿಯಿತು. ಅವಳಿಗೆಂದು ಬಂದ ಗಾಡಿಯಲ್ಲಿ ನನ್ನನ್ನು ಕಳಿಸಿದರು.

ವನಜಾಕ್ಷಮ್ಮ ಕಾಯಿಲೆ ಬಗ್ಗೆ ಒಂದು ಮಾತೂ ಆಡಲಿಲ್ಲ. "ನಿನ್ ಮಾನ ಉಳಿಸ್ಕಳಕ್ಕೆ ಹುಡ್ಗಿ ಹೊಟ್ಟೆ ಕುಯ್ಸಕ್ ಹೊಂಟಿದ್ಯಲ್ಲಮ್ಮ" ಅಂದರು. ಅಲ್ಲಿಂದಲೇ ಮಗಳನ್ನು ಕೊರಟಗೆರೆಗೆ ಕರೆದುಕೊಂಡು ಹೋದರು. ಯಶು ತಿರುಗಿ ನೋಡಲಿಲ್ಲ.

ಇಲ್ಲಿ ಡಾಕ್ಟರು ಕಿಡ್ನಿ ಬಹಳ ಸೋತಿದೆ ಅನ್ನುತ್ತಾರೆ. ಮಾತ್ರೆ ಬದಲಿಸಿದ್ದಾರೆ. ಡಯಾಲಿಸಿಸ್ ಬೇಕಾಗಬಹುದು, ಈಗಲೇ ಹೇಳಲಾಗದು ಅಂದರು. ಪಕ್ಕದ ಮಂಚದ ಹೆಂಗಸನ್ನು ಅದಕ್ಕೇ ಕರೆದುಕೊಂಡು ಹೋಗುತ್ತಾರೆ, ಬರುವಾಗ ಅವಳ ಮುಖ ನೋಡಲಾಗುವುದಿಲ್ಲ. ನೀವು ಒಂದು ಸಲ ಬನ್ನಿ ಅಕ್ಕ.

ಇಂದ್ರಮ್ಮ


ಮಧುಗಿರಿ
6 ಡಿಸೆಂಬರ್ 2024

ಇಂದ್ರಿ,

ನಿನ್ನ ಕಾಗದವನ್ನು ಎದೆಗೆ ಇಟ್ಟುಕೊಂಡು ಅತ್ತೆ. ಬೈಯುವುದಿಲ್ಲ. ಬೈಯುವ ಯೋಗ್ಯತೆ ನನಗಿಲ್ಲ, ಎಲ್ಲೂ ಹೋಗಬೇಡ ನಾನೇ ತಂದುಕೊಡುತ್ತೇನೆ ಎಂದು ನಿನ್ನನ್ನು ಮನೆಯಲ್ಲಿ ಕೂರಿಸಿದವಳು ನಾನೇ ಅಲ್ಲವೇ.

ಬರಬೇಕೆಂದಿದ್ದೆ. ಹಾಸ್ಟೆಲಿನಲ್ಲಿ ರಜೆ ಕೊಡುತ್ತಿಲ್ಲ. ಇನ್ನೊಬ್ಬ ಅಡುಗೆಯವಳು ಬಂದಿಲ್ಲ. ಮುಂದಿನ ವಾರ ನೋಡುತ್ತೇನೆ. ಔಷಧಿ ಸರಿಯಾಗಿ ತೆಗೆದುಕೋ. ಉಪ್ಪು ಕಮ್ಮಿ ಮಾಡು.

ಈಶ್ವರಮ್ಮ


ತುಮಕೂರು
17 ಡಿಸೆಂಬರ್ 2024

ಈಶ್ವರಕ್ಕ,

ಮುಂದಿನ ವಾರವೂ ಕಳೆಯಿತು, ನೀವು ಬರಲಿಲ್ಲ. ಆದರೆ ಯಶು ಬಂದಿದ್ದಳು.

ಮೊನ್ನೆ ಭಾನುವಾರ, ಆ ದೊಡ್ಡ ಹೊಟ್ಟೆ ಹೊತ್ತುಕೊಂಡು. ಅಳಿಯ ಬಾಗಿಲಲ್ಲೇ ನಿಂತ. ಇವಳು ಬಂದು ಮಂಚದ ತುದಿಯಲ್ಲಿ ಕೂತಳು. ನಾನು ಊಟ ಆಯ್ತಾ ಅಂದೆ, ತಲೆಯಾಡಿಸಿದಳು. ಆಮೇಲೆ "ಕಾಲ್ ಇತ್ಲಾಗ್ ನೀಡು" ಅಂದಳು. ನೀಡಿದೆ. ಅವಳಿಗೆ ಬಗ್ಗಲಾಗದು, ಕಾಲನ್ನೇ ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಹೆಬ್ಬೆರಳು ಒತ್ತಿದಳು. ಬಿಟ್ಟಳು. ಗುಳಿಯನ್ನೇ ನೋಡುತ್ತ ಕೂತಳು. ಅದು ತುಂಬುವವರೆಗೂ ನೋಡಿದಳು.

"ದಿನಾ ನನ್ ಕಾಲ್ ಒತ್ತಿ ಒತ್ತಿ ನೋಡ್ತಿದ್ದೆ. ನಿನ್ ಕಾಲ್ ನಂಗ್ಯಾಕಮ್ಮ ತೋರುಸ್ಲಿಲ್ಲ?" ಅಂದಳು. ನಾನು ಬಿಕ್ಕಿ ಅತ್ತೆ. ಅವಳೂ ಅತ್ತಳು. ಅಪ್ಪನದೂ ಇದೇನಾ ಅಂದಳು, ಹೌದು ಅಂದೆ. ನನ್ನನ್ನು ಕ್ಷಮಿಸಿದ್ದಾಳೆ ಅಂತ ನಾನು ಬರೆಯುವುದಿಲ್ಲ. ಅವಳು ಹಾಗೆ ಹೇಳಲಿಲ್ಲ. ಹೋಗುವಾಗ "ಅತ್ತೆಗಿನ್ನೂ ಸಿಟ್ಟೈತೆ. ಅಲ್ಲಿನ ಡಾಕ್ಟ್ರು, ಮುಟ್ಟುದ್ರೆ, ನೀರ್ ಎರುದ್ರೆ ಬರಕಿಲ್ಲ ಅಂತ ಅವರ ಮುಂದೇನೇ ಹೇಳವ್ರೆ. ನೋಡಣ" ಅಂದಳು. ಆ ನೋಡೋಣವನ್ನೇ ಹಿಡಿದುಕೊಂಡು ಮಲಗುತ್ತಿದ್ದೇನೆ.

ಊತ ಇಳಿಯುತ್ತಿದೆ. ರಕ್ತದಲ್ಲಿ ಏರಿದ್ದ ಕಿಡ್ನಿಯ ಲೆಕ್ಕವೂ ಸ್ವಲ್ಪ ಇಳಿದಿದೆ. ಹಾಳಾಗಿದ್ದರಲ್ಲಿ ಒಂದಷ್ಟು ವಾಪಸ್ ಬರುವುದಿಲ್ಲವಂತೆ. ಇನ್ನು ಮೇಲೆ ಹದಿನೈದು ದಿನಕ್ಕೊಮ್ಮೆ ಬರಬೇಕು, ಪ್ರತಿ ಸಲವೂ ಇದೇ ಭಯ ಇಟ್ಟುಕೊಂಡೇ ಬರಬೇಕು. ಶನಿವಾರ ಮನೆಗೆ ಕಳಿಸುತ್ತಾರೆ. ಸೋಮವಾರ ಮಧುಗಿರಿ ಸೆಂಟರಿಗೆ ನಾನೇ ಬರುತ್ತೇನೆ, ಹೊಸ ಮಾತ್ರೆ ನನ್ನ ಹೆಸರಿಗೆ ಬರೆಸಬೇಕು.

ಇಲ್ಲಿ ಮಲಗಿ ಬೇರೆ ಕೆಲಸವಿಲ್ಲ, ನೀವು ಬರೆದಿದ್ದನ್ನೆಲ್ಲ ನೆನೆಸಿಕೊಳ್ಳುತ್ತೇನೆ. ನಿಮ್ಮ ಕಾಗದಗಳನ್ನು ನಾನು ಒಲೆಗೆ ಹಾಕಲಿಲ್ಲ ಅಕ್ಕ, ಬ್ಯಾಗಿನಲ್ಲೇ ಇವೆ. ಒಂದು ಸೈಜು ದೊಡ್ಡ ಚಪ್ಪಲಿ ತಂದೆ ಅಂದಿರಿ. ಬಿಳಿ ಮಾತ್ರೆ ಕಳಿಸು ಅಂದಿರಿ, ನಾನು ಕಳಿಸಿದೆ. ದೀಪ ಇಡಲು ಹೋಗಿ ಮೆಟ್ಟಿಲಲ್ಲಿ ಕೂತೆ ಅಂದಿರಿ. ಆಗ ನನಗೆ ನನ್ನ ಭಯವೇ ದೊಡ್ಡದಾಗಿತ್ತು, ಓದಿ ಬಿಟ್ಟೆ. ನನಗೆ ಆರು ತಿಂಗಳಿಗೊಮ್ಮೆ ಅಂದಿರಿ, ನಿಮ್ಮ ಚೀಟಿ ಏನಾಯಿತು? ಬಸ್ಸು ಸಿಕ್ಕರೆ ಸಾಕು ಎಂದು ಹೊರಡುವವರು ಒಂದೂವರೆ ಗಂಟೆ ದಾರಿಗೆ ಯಾಕೆ ಬರಲಿಲ್ಲ?

ಅಕ್ಕ, ಈ ಕಾಗದ ಪಕ್ಕಕ್ಕಿಡಿ. ಕಾಲು ನೀಡಿ ಕೂತು ಹೆಬ್ಬೆರಳು ಒತ್ತಿ. ನನಗೆ ಹೇಳಿದಿರಲ್ಲ, ಹಾಗೇ.

ಇಂದ್ರಮ್ಮ


ಮಧುಗಿರಿ
22 ಡಿಸೆಂಬರ್ 2024

ಇಂದ್ರಿ,

ಒತ್ತಬೇಕಾಗಿಯೇ ಇರಲಿಲ್ಲ. ನನಗೆ ಅಕ್ಟೋಬರಿನಿಂದಲೇ ಗೊತ್ತು.

ಶ್ರೀಲತಾ ಮೇಡಂ ಅವತ್ತು ಹೆಬ್ಬೆರಳು ಒತ್ತಿ ತೋರಿಸಿದ್ದು ನನ್ನ ಕಾಲಿನ ಮೇಲೆಯೇ. ನಿನಗೆ ಹೇಗೆ ಹೇಳಬೇಕೆಂದು ಕಲಿಸಲು ಒತ್ತಿದರು. ಬೆರಳು ತೆಗೆದರೆ ಗುಳಿ ಅಲ್ಲೇ ಇತ್ತು. ಅವರು ಗುಳಿ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಚೀಟಿ ಬರೆದು ಕೈಗೆ ಕೊಟ್ಟರು. ಲ್ಯಾಬಿನ ಮುಂದೆ ಸಾಲು ಇರಲಿಲ್ಲ ಕಣೆ. ಒಬ್ಬರೂ ಇರಲಿಲ್ಲ. ನಾನು ಮಕ್ಕಳ ಊಟದ ನೆಪ ಹೇಳಿ ಓಡಿಬಂದೆ. ಬಂದು ಬಾಗಿಲು ಹಾಕಿಕೊಂಡು ನಿನಗೆ ಆ ದೊಡ್ಡ ಕಾಗದ ಬರೆದೆ. ನಿನಗೆ ಬರೆಯುತ್ತಿದ್ದಷ್ಟು ಹೊತ್ತು ಅದು ನಿನ್ನ ಕಾಯಿಲೆಯಾಗಿತ್ತು, ನನ್ನದಲ್ಲ.

ತುಮಕೂರಿಗೂ ಅದಕ್ಕೇ ಬರಲಿಲ್ಲ. ರಜೆ ಕೇಳಲೇ ಇಲ್ಲ. ಆ ವಾರ್ಡಿಗೆ ಬಂದರೆ ನಿನ್ನ ಪಕ್ಕದ ಮಂಚ ನನ್ನದಾದೀತು ಅನ್ನಿಸುತ್ತಿತ್ತು. ನಿನ್ನನ್ನು ಹೆದರುಪುಕ್ಕಲಿ ಎಂದು ಎಷ್ಟು ಸಲ ಆಡಿಕೊಂಡೆ!

ಇದನ್ನು ಸಂಜೆ ಬಸ್ಸಿಗೆ ಪ್ರಸನ್ನ ಕುಮಾರನ ಕೈಲಿ ಕಳಿಸುತ್ತೇನೆ. ಡಬ್ಬ ಇಲ್ಲ, ಬರೀ ಕಾಗದ. ನಾಳೆ ಬೆಳಿಗ್ಗೆ ನೀನು ಬಸ್ಸಿಳಿದು ನೇರ ಸೆಂಟರಿಗೆ ಬಾ. ನಾನು ಮೊದಲೇ ಬಂದು ಆ ಹಳೇ ಬೆಂಚಿನ ಮೇಲೆ ಕೂತಿರುತ್ತೇನೆ. ಬಾಟಲಿ ತೊಳೆದು ಇಟ್ಟುಕೊಂಡಿದ್ದೇನೆ. ಅದರ ಮೇಲೆ ನನ್ನ ಹೆಸರನ್ನು ನಾನೇ ಬರೆದು ಅಂಟಿಸಿದ್ದೇನೆ, ದೊಡ್ಡ ಅಕ್ಷರದಲ್ಲಿ.

ಭಯವಾಗುತ್ತಿದೆ ಇಂದ್ರಿ. ಬಂದವಳೇ ಪಕ್ಕದಲ್ಲಿ ಕೂತುಕೋ. ನಡುವೆ ಜಾಗ ಬಿಡಬೇಡ.

ಈಶ್ವರಮ್ಮ